ಮಂಗನ ಕಾಯಿಲೆಯ ವೈರಸ್ ಜೀವಕೋಶದೊಳಗೆ ಹೋಗಿ ಏನು ಮಾಡುತ್ತದೆ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪುಸ್ತಕದಲ್ಲಿ ವೈರಸ್ ಅಂದರೆ ತಂಬಾಕು ಎಲೆಯದ್ದು, ಬ್ಯಾಕ್ಟೀರಿಯಾ ತಿನ್ನುವುದು, ಎಚ್‌ಐವಿ. ನಮ್ಮ ಮಕ್ಕಳಿಗೆ ಗೊತ್ತಿರುವ ವೈರಸ್ ಬೇರೆ. ಡಿಸೆಂಬರ್ ಬಂತೆಂದರೆ ಆಶಾ ಅಕ್ಕ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಿಡಿದು ಮನೆಗೆ ಬರುತ್ತಾರೆ. ದರಕು ತರಲು ಕಾಡಿಗೆ ಹೋಗಬೇಡಿ, ಸತ್ತ ಮಂಗ ಕಂಡರೆ ಮುಟ್ಟಬೇಡಿ ಅನ್ನುತ್ತಾರೆ. ಮಕ್ಕಳು ಕೇಳುವುದೆಲ್ಲ ಆ ಕಾಯಿಲೆಯ ಬಗ್ಗೆಯೇ.

ಮೇಲುಮೇಲಿನ ವಿಷಯ ಹೇಳಿಬಿಡುತ್ತೇನೆ. ಕವಚ ಇರುವ ವೈರಸ್, ಒಂದೇ ಎಳೆಯ ಪಾಸಿಟಿವ್ ಆರ್‌ಎನ್‌ಎ. ಅಲ್ಲಿಗೆ ನನ್ನ ಸರಕು ಮುಗಿಯುತ್ತದೆ. ಆ ಕವಚ ಎಲ್ಲಿಂದ ಬರುತ್ತದೆ? ಒಂದೇ ಎಳೆ ಇಟ್ಟುಕೊಂಡು ಅದು ತನ್ನ ಪ್ರತಿ ಹೇಗೆ ಮಾಡಿಕೊಳ್ಳುತ್ತದೆ? ಇಷ್ಟು ವರ್ಷವಾದರೂ ಔಷಧಿ ಯಾಕಿಲ್ಲ? ಬಲ್ಲವರು ಕನ್ನಡದಲ್ಲಿ ಬಿಡಿಸಿ ಹೇಳಿದರೆ ತರಗತಿಯಲ್ಲಿ ಓದಿ ಹೇಳುತ್ತೇನೆ.

ಸಾಗರದವಳು

ಮೇಷ್ಟ್ರೇ, ಊರು ಸಾಗರ, ಕೆಲಸ ಈ ಗುಂಪಿನ ವೈರಸ್‌ಗಳ ಮೇಲೆಯೇ. ನಮ್ಮ ಕಡೆಯ ಮಕ್ಕಳಿಗೆ ಇದು ತಿಳಿಯಲೇಬೇಕು ಅಂತ ನನಗೆ ತುಂಬಾ ಆಸೆ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಅದರ ಮನೆತನ. ಮಂಗನ ಕಾಯಿಲೆಗೆ ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ ಅನ್ನುತ್ತಾರೆ. ಕೆಎಫ್‌ಡಿ ವೈರಸ್ ಫ್ಲಾವಿವೈರಸ್ ಗುಂಪಿನದು. ಡೆಂಗಿ, ಹಳದಿ ಜ್ವರ, ಝೀಕಾ, ಜಪಾನೀಸ್ ಎನ್ಸೆಫಲೈಟಿಸ್ ಎಲ್ಲ ಇದರ ದಾಯಾದಿಗಳು. ಹರಡಲು ಅವು ಸೊಳ್ಳೆ ಹಿಡಿದವು, ಇದು ಉಣುಗು ಹಿಡಿಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಆಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಬೇರ್ಪಡಿಸಿ ನೋಡಿದರು. ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ್ದು ಅಂತ ಗೊತ್ತಾಯಿತು. ಹಕ್ಕಿಗಳ ಜೊತೆ ಉತ್ತರದಿಂದ ಬಂತೇ ಅನ್ನುವ ಪ್ರಶ್ನೆ ಆಗಲೇ ಎದ್ದದ್ದು. ಸಲೀಂ ಅಲಿಯವರ ವಲಸೆ ಹಕ್ಕಿಗಳ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟದ್ದರ ಹಿಂದೆ ನಮ್ಮ ಈ ಕಾಯಿಲೆಯೂ ಇತ್ತು.

ಈಗ ಅದರ ಮೈಕಟ್ಟು. ಈ ಗುಂಪಿನ ಒಂದು ಕಣದ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ 20,000 ಕಣಗಳನ್ನು ಸಾಲಾಗಿ ಇಡಬಹುದು. ಹೊರಗೆ ಪ್ರೋಟೀನಿನ ಚಿಪ್ಪು, ಅದರಡಿ ಕೊಬ್ಬಿನ ಎರಡು ಪದರದ ಪೊರೆ, ಒಳಗೆ ಸಿ ಅನ್ನುವ ಪ್ರೋಟೀನ್ ಸುತ್ತಿಕೊಂಡ ಆರ್‌ಎನ್‌ಎ. ಹೊರ ಚಿಪ್ಪಿನಲ್ಲಿ ಇ ಪ್ರೋಟೀನಿನ 180 ಪ್ರತಿಗಳಿವೆ. ಅವು ಎರಡೆರಡಾಗಿ ಜೋಡಿಯಾಗಿ, 90 ಜೋಡಿಗಳು ಪೊರೆಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತವೆ. ಕೊರೊನಾ ಚಿತ್ರದಲ್ಲಿ ನೋಡಿದ ಹಾಗೆ ಮುಳ್ಳು ಎದ್ದಿರುವುದಿಲ್ಲ. ಮೈ ಬಹುಮಟ್ಟಿಗೆ ನುಣುಪು. ಇ ಪ್ರೋಟೀನಿನ ಆಕಾರ ಮೊದಲು ತಿಳಿದದ್ದು 1995ರಲ್ಲಿ, ಯುರೋಪಿನ ಉಣುಗು ವೈರಸ್‌ನಿಂದ. ಇಡೀ ಕಣದ ಜೋಡಣೆ ಕಂಡದ್ದು 2002ರಲ್ಲಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಡೆಂಗಿ ವೈರಸ್ಸನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ.

ಕವಚ ಎಲ್ಲಿಂದ ಅಂದಿರಲ್ಲ, ಅದು ನಮ್ಮದೇ. ಕೊಬ್ಬು ಮಾಡುವ ಶಕ್ತಿ ವೈರಸ್‌ಗಿಲ್ಲ. ನಮ್ಮ ಜೀವಕೋಶದ ಒಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪೊರೆಗಳ ಜಾಲ ಇದೆಯಲ್ಲ, ಅದರ ಪೊರೆಯನ್ನೇ ಹೊದ್ದುಕೊಂಡು ಹೊರಡುತ್ತದೆ. ಕೋಶದ ಹೊರಗೋಡೆಯಿಂದ ಅಲ್ಲ. ಇದನ್ನು ಮಕ್ಕಳಿಗೆ ಒತ್ತಿ ಹೇಳಿ, ಯಾಕೆಂದರೆ ಪರೀಕ್ಷೆಯಲ್ಲಿ ಎಲ್ಲ ಕವಚದ ವೈರಸ್‌ಗಳೂ ಹೊರಗೋಡೆಯಿಂದಲೇ ಮೊಳೆಯುತ್ತವೆ ಅಂತ ಬರೆದುಬಿಡುತ್ತಾರೆ.

ಪ್ರತಿ ಮಾಡಿಕೊಳ್ಳುವ ಕತೆ ರಾತ್ರಿ ಬರೆಯುತ್ತೇನೆ.

ಶರಾವತಿ ತೀರ

ಅಕ್ಕಾ, ಒಂದು ಸಂಶಯ. ಕೊರೊನಾ ಬಂದಾಗ ಕವಚ ಕೊಬ್ಬಿನದು, ಸೋಪು ಹಾಕಿದರೆ ಕರಗಿ ಹೋಗುತ್ತದೆ ಅಂದರು. ಇದಕ್ಕೂ ಕೊಬ್ಬಿನ ಕವಚವೇ ಅಂದರೆ, ತೋಟದಿಂದ ಬಂದು ಸೋಪು ಹಾಕಿ ಸ್ನಾನ ಮಾಡಿದರೆ ಸಾಕಾಗುವುದಿಲ್ಲವೇ?

ಸಾಗರದವಳು

ಸೋಪಿಗೆ ಈ ವೈರಸ್ಸೂ ಕರಗುತ್ತದೆ, ಅದು ನಿಜ. ಆದರೆ ಇದು ಸೋಪು ತಾಗುವ ಜಾಗಕ್ಕೆ ಬರುವುದೇ ಇಲ್ಲ. ಉಣುಗಿನ ಜೊಲ್ಲಿನಿಂದ ನೇರ ನಮ್ಮ ಚರ್ಮದೊಳಗೆ ಇಳಿಯುತ್ತದೆ. ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವ ದಾರಿಯಲ್ಲಿ ಅದು ಗಾಳಿ ಬಿಸಿಲು ನೋಡುವುದೇ ಇಲ್ಲ. ಅಷ್ಟು ಮೆದು ಕವಚ ಇಟ್ಟುಕೊಂಡೂ ಬದುಕಿರುವುದು ಅದಕ್ಕೇ.

ಸ್ನಾನ ಮಾತ್ರ ಖಂಡಿತ ಮಾಡಿ. ಬಿಸಿನೀರು, ಸೋಪು ಹಾಕಿ ಮೈ ಉಜ್ಜುವಾಗ ಇನ್ನೂ ಕಚ್ಚಿಕೊಳ್ಳದ ಉಣುಗು ಹೋಗುತ್ತದೆ, ಕಚ್ಚಿಕೊಂಡದ್ದು ಕೈಗೆ ಸಿಗುತ್ತದೆ. ಮನುಷ್ಯರನ್ನು ಜಾಸ್ತಿ ಕಚ್ಚುವುದು ಮರಿ ಉಣುಗು. ಎಳ್ಳಿಗಿಂತ ಚಿಕ್ಕದು, ಮಚ್ಚೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ತೊಡೆಸಂದು, ಕಂಕುಳು, ಮಂಡಿಯ ಹಿಂದೆ ನೋಡಿಕೊಳ್ಳಿ. ಬಟ್ಟೆ ಬಿಸಿನೀರಲ್ಲಿ ನೆನೆಸಿ.

ಬಿಎಸ್ಸಿ ಓದುತ್ತಿರುವವಳು

ಮೇಡಂ, ನಾನು ಉಡುಪಿಯಲ್ಲಿ ಓದುತ್ತಿದ್ದೇನೆ. ನಮ್ಮ ಪಾಠದಲ್ಲಿ ರೇಬೀಸ್, ಇನ್‌ಫ್ಲುಯೆಂಜಾ ನೆಗೆಟಿವ್ ಎಳೆಯವು, ಕಣದೊಳಗೆ ಪಾಲಿಮರೇಸ್, ಅಂದರೆ ಆರ್‌ಎನ್‌ಎ ಪ್ರತಿ ಮಾಡುವ ಕಿಣ್ವ, ಹೊತ್ತುಕೊಂಡು ಬರುತ್ತವೆ ಅಂತ ಇದೆ. ಪಾಸಿಟಿವ್ ಎಳೆಯವು ಹೊತ್ತು ತರುವುದಿಲ್ಲ ಅಂತಲೂ ಇದೆ. ಹಾಗಾದರೆ ಕೆಎಫ್‌ಡಿ ವೈರಸ್‌ಗೆ ಮೊದಲ ಪಾಲಿಮರೇಸ್ ಎಲ್ಲಿಂದ ಬಂತು?

ಸಾಗರದವಳು

ಈ ಗುಂಪಿನ ವೈರಸ್‌ಗಳ ಕೀಲಿ ಇರುವುದೇ ಅಲ್ಲಿ. ನಿನ್ನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ವೈರಸ್ ಕೋಶದ ಮೈಗೆ ಅಂಟುತ್ತದೆ. ಕೋಶ ಅದನ್ನು ಒಂದು ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಆ ಚೀಲ ಒಳಗೆ ಹೋಗುತ್ತಾ ಹುಳಿಯಾಗುತ್ತದೆ. ನಮ್ಮ ಕೋಶ ಹೊರಗಿನಿಂದ ಬಂದದ್ದನ್ನು ಅರಗಿಸಲು ಮಾಡುವ ಕೆಲಸ ಅದು. ವೈರಸ್ ಕಾಯುತ್ತಿರುವುದು ಆ ಹುಳಿಗೇ. ಹುಳಿ ತಾಗಿದ ಕೂಡಲೇ ಮಲಗಿದ್ದ ಇ ಜೋಡಿಗಳು ಬಿಡಿಯಾಗುತ್ತವೆ, ಎದ್ದು ನಿಲ್ಲುತ್ತವೆ, ಮೂರು ಮೂರಾಗಿ ಸೇರುತ್ತವೆ. ಅವುಗಳ ತುದಿಯಲ್ಲಿ ಅಡಗಿದ್ದ ಒಂದು ಕೊಂಡಿ ಚೀಲದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಆಮೇಲೆ ಪ್ರೋಟೀನ್ ಮಡಚಿಕೊಂಡು ಎರಡೂ ಪೊರೆಗಳನ್ನು ಹತ್ತಿರ ಎಳೆಯುತ್ತದೆ. ಪೊರೆಗಳು ಬೆಸೆದುಕೊಂಡು ತೂತಾಗುತ್ತದೆ. ಆರ್‌ಎನ್‌ಎ ಕೋಶದ್ರವಕ್ಕೆ ಇಳಿಯುತ್ತದೆ.

ಅದು ಸುಮಾರು 10,800 ಅಕ್ಷರಗಳ ಎಳೆ. ಮುಂದಿನ ತುದಿಗೆ ನಮ್ಮ ಎಂಆರ್‌ಎನ್‌ಎಗೆ ಇರುವ ಥರದ್ದೇ ಟೋಪಿ ಇದೆ. ಹಾಗಾಗಿ ಎಂಆರ್‌ಎನ್‌ಎ ಸಂದೇಶ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಅದು ಪರಕೀಯ ಅಂತ ಅನಿಸುವುದಿಲ್ಲ. ನಮ್ಮದೇ ಸಂದೇಶ ಅಂದುಕೊಂಡು ಓದಲು ಶುರು ಮಾಡುತ್ತದೆ. ಬಂದ ಎಳೆಯೇ ಎಂಆರ್‌ಎನ್‌ಎ. ಮೊದಲ ಪಾಲಿಮರೇಸ್ ನಮ್ಮ ರೈಬೋಸೋಮ್ ಮಾಡಿಕೊಟ್ಟದ್ದು. ಅದನ್ನು ಹೊತ್ತು ತರುವ ಅಗತ್ಯ ವೈರಸ್‌ಗಿಲ್ಲ. ರೇಬೀಸ್‌ನ ಎಳೆ ತಿರುವುಮುರುವು ಆಗಿರುವುದರಿಂದ ರೈಬೋಸೋಮ್ ಅದನ್ನು ಓದಲಾರದು. ಅದಕ್ಕೇ ಅದು ಯಂತ್ರವನ್ನು ಜೊತೆಗೆ ತರಬೇಕು.

ಇದರಿಂದ ಹೊರಡುವ ಒಂದು ಮಾತು ನನ್ನನ್ನು ಇವತ್ತಿಗೂ ನಡುಗಿಸುತ್ತದೆ. ಪಾಸಿಟಿವ್ ಎಳೆಯ ವೈರಸ್‌ನ ಕವಚ, ಪ್ರೋಟೀನ್ ಎಲ್ಲ ತೆಗೆದು ಬರೀ ಆರ್‌ಎನ್‌ಎ ಕೋಶದೊಳಗೆ ಸೇರಿಸಿದರೂ ಸೋಂಕು ಹುಟ್ಟುತ್ತದೆ. 1997ರಲ್ಲಿ ಚಾರ್ಲ್ಸ್ ರೈಸ್ ಅವರ ತಂಡ ಹೆಪಟೈಟಿಸ್ ಸಿ ವೈರಸ್‌ನ ಆರ್‌ಎನ್‌ಎಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಚಿಂಪಾಂಜಿಯ ಯಕೃತ್ತಿಗೆ ಚುಚ್ಚಿತು. ಚಿಂಪಾಂಜಿಗೆ ಹೆಪಟೈಟಿಸ್ ಬಂತು. ಆ ವೈರಸ್ಸೂ ಇದೇ ದೊಡ್ಡ ಕುಟುಂಬದ್ದು. 2020ರ ನೊಬೆಲ್ ಬಹುಮಾನದಲ್ಲಿ ರೈಸ್ ಅವರ ಪಾಲು ಇದಕ್ಕೇ ಬಂದದ್ದು.

ತೀರ್ಥಹಳ್ಳಿ ಮೇಷ್ಟ್ರು

ಅಬ್ಬಾ. ಇದನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಒಂದು ಎಳೆಯಿಂದ ಎಷ್ಟು ಪ್ರೋಟೀನ್ ಬರುತ್ತದೆ?

ಸಾಗರದವಳು

ಹುಟ್ಟುವಾಗ ಒಂದೇ, ಮೇಷ್ಟ್ರೇ. 3,416 ಅಮೈನೋ ಆಮ್ಲಗಳ ಒಂದೇ ಉದ್ದ ಸರ. ಕಬ್ಬಿನ ಜಲ್ಲೆ ಕಡಿದ ಹಾಗೆ ಅದನ್ನು ಗೊತ್ತಾದ ಗಿಣ್ಣಿನಲ್ಲೇ ಕತ್ತರಿಸಿ 10 ತುಂಡು ಮಾಡಲಾಗುತ್ತದೆ. ಕತ್ತರಿಸುವವರು ಇಬ್ಬರು. ಪೊರೆಯ ಒಂದು ಕಡೆ ನಮ್ಮ ಕೋಶದ ಕಿಣ್ವ. ಇನ್ನೊಂದು ಕಡೆ ವೈರಸ್‌ನದೇ ಎನ್‌ಎಸ್3 ಅನ್ನುವ ಪ್ರೋಟೀನ್, ಅದಕ್ಕೆ ಎನ್‌ಎಸ್2ಬಿ ಜೊತೆಗಾರ. ಎನ್‌ಎಸ್3 ಆ ಸರದ ಭಾಗವೇ. ಅದರೊಳಗೇ ಕೂತು ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ.

10ರಲ್ಲಿ ಮೂರು ಮಾತ್ರ ಮೈ ಕಟ್ಟಲು: ಸಿ, ಪ್ರಿ-ಎಂ ಮತ್ತು ಇ. ಉಳಿದ ಏಳು ಕೆಲಸಗಾರರು, ಹೊಸ ಕಣದ ಮೈಯಲ್ಲಿ ಇರುವುದಿಲ್ಲ. ಅವುಗಳಲ್ಲಿ ಎನ್‌ಎಸ್5 ಎಲ್ಲಕ್ಕಿಂತ ದೊಡ್ಡದು. ಆರ್‌ಎನ್‌ಎ ಪ್ರತಿ ಮಾಡುವುದೂ ಅದೇ, ಟೋಪಿ ಸಿದ್ಧ ಮಾಡುವ ಕೆಲಸದಲ್ಲೂ ಅದರ ಕೈಯಿದೆ. ಎನ್‌ಎಸ್3 ಕತ್ತರಿಸುವುದರ ಜೊತೆ ಸುತ್ತಿಕೊಂಡ ಆರ್‌ಎನ್‌ಎ ಬಿಡಿಸುತ್ತದೆ. ಎನ್‌ಎಸ್1 ಅನ್ನುವುದು ಕೋಶದಿಂದ ಹೊರಬಿದ್ದು ರಕ್ತದಲ್ಲಿ ಓಡಾಡುತ್ತದೆ. ಡೆಂಗಿಗೆ ಎನ್‌ಎಸ್1 ಟೆಸ್ಟ್ ಮಾಡುತ್ತಾರಲ್ಲ, ಅದು ಇದನ್ನೇ ಹುಡುಕುವುದು.

ಲ್ಯಾಬ್ ಅಕ್ಕ

ಎನ್‌ಎಸ್1 ಮಾತು ಬಂತು, ಹಾಗಾಗಿ ನಡುವೆ ಬರುತ್ತಿದ್ದೇನೆ. ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಡೆಂಗಿ ಎನ್‌ಎಸ್1 ಕಾರ್ಡ್ ಡೆಂಗಿಯ ಪ್ರೋಟೀನಿಗೆ ಮಾತ್ರ ತಯಾರಾದದ್ದು. ಅದು ನೆಗೆಟಿವ್ ಬಂದರೆ ಮಂಗನ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಮಲೆನಾಡಿನವರು ಬೇಸಿಗೆ ಮುಂಚೆ ಜೋರು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪು ಅಂತ ಬಂದರೆ ಕಾಡಿಗೆ ಹೋಗಿದ್ದು, ಹತ್ತಿರ ಮಂಗ ಸತ್ತಿದ್ದು ಎಲ್ಲ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಡೆಂಗಿಯಲ್ಲೂ ಇದರಲ್ಲೂ ಪ್ಲೇಟ್ಲೆಟ್ ಇಳಿಯುತ್ತದೆ. ಬರೀ ರಕ್ತದ ಎಣಿಕೆ ನೋಡಿ ಬೇರೆ ಮಾಡಲು ಬರುವುದಿಲ್ಲ.

ಶರಾವತಿ ತೀರ

ನಮ್ಮ ದೊಡ್ಡಪ್ಪನಿಗೆ ಆದದ್ದು ಇದೇ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಡೆಂಗಿ ಟೆಸ್ಟ್ ಮಾಡಿ, ನೆಗೆಟಿವ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಕಾಡಿಗೆ ಹೋಗಿದ್ರಾ ಅಂತ ಯಾರೂ ಕೇಳಲಿಲ್ಲ. ಮನೆಯಲ್ಲೇ ಇದ್ದು ಹಲ್ಲಿನ ವಸಡಿನಲ್ಲಿ ರಕ್ತ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬದುಕಿದರು. ಆದರೆ ಆ ವರ್ಷ ಪೂರ್ತಿ ಕೆಲಸ ಮಾಡಲು ಆಗಲಿಲ್ಲ. 2019ರಲ್ಲಿ ಅರಳಗೋಡು ಕಡೆ ಎಷ್ಟು ಜನ ಹೋದರು ಅಂತ ನಮ್ಮ ಕಡೆಯವರಿಗೆ ಮರೆತಿಲ್ಲ. ಲ್ಯಾಬ್ ಅಕ್ಕನ ಮಾತು ಎಲ್ಲರಿಗೂ ಮುಟ್ಟಬೇಕು.

ಹೈಡೆಲ್‌ಬರ್ಗ್ ಕನ್ನಡಿಗ

ಓದಿ ಮನಸ್ಸು ಭಾರವಾಯಿತು. ದೊಡ್ಡಪ್ಪ ಈಗ ಆರಾಮಾಗಿದ್ದಾರೆ ಅಂದುಕೊಳ್ಳುತ್ತೇನೆ.

ಸಾಗರದವರು ಅನುಮತಿ ಕೊಟ್ಟರೆ ಪ್ರತಿ ಮಾಡುವ ಭಾಗ ನಾನು ಸ್ವಲ್ಪ ಹೇಳುತ್ತೇನೆ. ನಾನು ಜರ್ಮನಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೇಲೆ ಕೆಲಸ ಮಾಡುವವನು. ಈ ಊರಿನಲ್ಲಿ ಡೆಂಗಿ ಸೋಂಕಿನ ಕೋಶಗಳನ್ನು ಬಹಳ ವಿವರವಾಗಿ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಚಿತ್ರಗಳು ಈಗಲೂ ಪಾಠಪುಸ್ತಕದಲ್ಲಿ ಬರುತ್ತವೆ.

ಸೋಂಕಿಲ್ಲದ ಕೋಶದಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆ ಸಪಾಟಾಗಿ ಕಾಣುತ್ತದೆ. ಸೋಂಕು ತಗುಲಿದ ಮೇಲೆ ಅದು ಉಬ್ಬಿ, ಗೋಡೆ ಒಳಮುಖವಾಗಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತದೆ. ಒಂದೊಂದೂ 90 ನ್ಯಾನೋಮೀಟರ್ ಆಸುಪಾಸು. ಪ್ರತಿ ಗುಳ್ಳೆಗೂ ಕೋಶದ್ರವದ ಕಡೆಗೆ ಒಂದು ಕಿರಿದಾದ ಬಾಯಿ, ಸುಮಾರು 10 ನ್ಯಾನೋಮೀಟರ್. ಆ ಗುಳ್ಳೆಯೊಳಗೆ ಆರ್‌ಎನ್‌ಎ ಪ್ರತಿ ಆಗುತ್ತದೆ. ಇಂಥ ಜಾಗವೇ ಯಾಕೆ ಬೇಕು ಅಂದರೆ, ಪ್ರತಿ ಮಾಡುವಾಗ ಪಾಸಿಟಿವ್ ಎಳೆಗೆ ನೆಗೆಟಿವ್ ಎಳೆ ಅಂಟಿಕೊಂಡು ಜೋಡಿ ಎಳೆ ಆಗಲೇಬೇಕು. ಉದ್ದನೆಯ ಜೋಡಿ ಆರ್‌ಎನ್‌ಎ ನಮ್ಮ ಕೋಶದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕಂಡ ಕೂಡಲೇ ಕೂಗು ಹಾಕುವ ಕಾವಲು ಪ್ರೋಟೀನ್‌ಗಳು ಕೋಶದ್ರವದಲ್ಲಿವೆ. ಪಕ್ಕದ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಹುಟ್ಟುವುದು ಆಗಲೇ. ಗುಳ್ಳೆಯ ಗೋಡೆ ವೈರಸ್ಸನ್ನು ಅವುಗಳಿಂದ ಮರೆಮಾಡುತ್ತದೆ.

ಪಾಸಿಟಿವ್ ಎಳೆಯ ವೈರಸ್‌ಗಳೆಲ್ಲ ಏನಾದರೊಂದು ಪೊರೆಯನ್ನು ಹೀಗೆ ಬಗ್ಗಿಸಿಕೊಳ್ಳುತ್ತವೆ. ಕೊರೊನಾ ಎರಡು ಪೊರೆಯ ಚೀಲ ಮಾಡುತ್ತದೆ. ಚಿಕೂನ್‌ಗುನ್ಯಾ ಕೋಶದ ಹೊರಗೋಡೆಯಲ್ಲೇ ಗುಳ್ಳೆ ಎಬ್ಬಿಸುತ್ತದೆ.

ಬಿಎಸ್ಸಿ ಓದುತ್ತಿರುವವಳು

ಸರ್, ರೈಬೋಸೋಮ್ ಎಳೆಯನ್ನು ಟೋಪಿ ಇರುವ 5 ತುದಿಯಿಂದ ಕೊನೆಯ 3 ತುದಿಯ ಕಡೆ ಓದುತ್ತದೆ. ಪಾಲಿಮರೇಸ್ 3 ತುದಿಯಿಂದ ಶುರು ಮಾಡಿ 5ರ ಕಡೆ ಬರುತ್ತದೆ. ಎಳೆ ಒಂದೇ. ಎರಡೂ ಎದುರುಬದುರು ಬಂದು ಡಿಕ್ಕಿ ಆಗುವುದಿಲ್ಲವೇ?

ಸಾಗರದವಳು

ಎಂಥ ಚಂದದ ಪ್ರಶ್ನೆ! ಇದಕ್ಕೆ ಉತ್ತರ ಸಿಗಲು ವಿಜ್ಞಾನಿಗಳಿಗೂ ಬಹಳ ವರ್ಷ ಬೇಕಾಯಿತು. ಕನ್ನಡಿಗ ಸರ್, ಇದನ್ನು ನಾನೇ ಬರೆಯುತ್ತೇನೆ, ನನಗೆ ಬಹಳ ಇಷ್ಟದ ಭಾಗ.

ಆರ್‌ಎನ್‌ಎ ಎಳೆಯ ಎರಡು ತುದಿಗಳ ಹತ್ತಿರ, ಒಂದಕ್ಕೊಂದು ಹೊಂದುವ ಅಕ್ಷರಗಳ ಸಾಲುಗಳಿವೆ. ಎ ಎದುರು ಯು, ಜಿ ಎದುರು ಸಿ. 10,000ಕ್ಕೂ ಜಾಸ್ತಿ ಅಕ್ಷರ ದೂರದಲ್ಲಿರುವ ಆ ಸಾಲುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎಳೆ ಉಂಗುರವಾಗುತ್ತದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಆಂಡ್ರಿಯಾ ಗಾಮರ್ನಿಕ್ ಅವರ ತಂಡ ಡೆಂಗಿ ಆರ್‌ಎನ್‌ಎಯಲ್ಲಿ ಇದನ್ನು ತೋರಿಸಿತು. ಉಂಗುರವಾದ ಎಳೆಯ ಚಿತ್ರವನ್ನೇ ತೆಗೆದರು.

ಉಂಗುರ ಯಾಕೆ ಬೇಕು ಅಂತ ನೋಡು. ಎನ್‌ಎಸ್5 ಬಂದು ಕೂರುವ ಜಾಗ 5 ತುದಿಯಲ್ಲಿದೆ. ಅಲ್ಲಿ ಆರ್‌ಎನ್‌ಎ ಒಂದು ಕವಲಿನ ಆಕಾರಕ್ಕೆ ಮಡಚಿಕೊಂಡಿರುತ್ತದೆ, ಎನ್‌ಎಸ್5 ಅದನ್ನು ಗುರುತು ಹಿಡಿಯುತ್ತದೆ. ಆದರೆ ಕೆಲಸ ಶುರು ಮಾಡಬೇಕಾದದ್ದು 3 ತುದಿಯಲ್ಲಿ. ಎಳೆ ಉದ್ದಕ್ಕೆ ಬಿದ್ದಿದ್ದರೆ ಅದು ಎಷ್ಟೋ ದೂರ. ಉಂಗುರವಾದಾಗ 3 ತುದಿ ಪಕ್ಕದಲ್ಲೇ ಬರುತ್ತದೆ. ಅಂದರೆ ಎಳೆ ಬಿಚ್ಚಿಕೊಂಡಿದ್ದರೆ ರೈಬೋಸೋಮ್‌ಗೆ ಅನುಕೂಲ, ಉಂಗುರವಾದರೆ ಪಾಲಿಮರೇಸ್‌ಗೆ. ಶುರುವಿನಲ್ಲಿ ಕೋಶದಲ್ಲಿ ಎನ್‌ಎಸ್5 ಇರುವುದೇ ಇಲ್ಲ, ಹಾಗಾಗಿ ಓದುವ ಕೆಲಸವೇ ನಡೆಯುತ್ತದೆ. ಪ್ರೋಟೀನ್ ಸಾಕಷ್ಟು ತಯಾರಾದ ಮೇಲೆ ಎಳೆಗಳು ಪ್ರತಿಯ ಕೆಲಸಕ್ಕೆ ತಿರುಗುತ್ತವೆ.

ಇನ್ನೊಂದು ಲಾಭವೂ ಇದೆ. ನಡುವೆ ತುಂಡಾದ ಎಳೆ ಉಂಗುರವಾಗಲಾರದು. ಹಾಗಾಗಿ ಇಡಿಯಾಗಿರುವ ಎಳೆ ಮಾತ್ರ ಪ್ರತಿಯಾಗುತ್ತದೆ. ನಮ್ಮ ಕೋಶದ ಕೋಟಿಗಟ್ಟಲೆ ಎಂಆರ್‌ಎನ್‌ಎಗಳಲ್ಲಿ ಎನ್‌ಎಸ್5 ತನ್ನದನ್ನೇ ಆರಿಸಿಕೊಳ್ಳುವುದೂ ಆ 5 ತುದಿಯ ಕವಲಿನಿಂದಲೇ.

ಮುಂದೆ, ಒಂದು ನೆಗೆಟಿವ್ ಎಳೆ ಆಯಿತು ಅಂದರೆ ಅದನ್ನೇ ಅಚ್ಚಾಗಿಟ್ಟುಕೊಂಡು ಪಾಸಿಟಿವ್ ಎಳೆಗಳು ಒಂದರ ಹಿಂದೊಂದು ಬರುತ್ತವೆ. ಕೋಶದಲ್ಲಿ ನೆಗೆಟಿವ್ ಕಡಿಮೆ, ಪಾಸಿಟಿವ್ ಅದರ ಹತ್ತು ಪಟ್ಟಿನಷ್ಟು. ಕೆಲವು ಮತ್ತೆ ರೈಬೋಸೋಮ್‌ಗೆ, ಕೆಲವು ಮತ್ತೆ ಪ್ರತಿಗೆ, ಉಳಿದವು ಹೊಸ ಕಣಕ್ಕೆ.

ಹೈಡೆಲ್‌ಬರ್ಗ್ ಕನ್ನಡಿಗ

ಕಣ ಕಟ್ಟುವುದನ್ನು ನಾನು ಮುಗಿಸುತ್ತೇನೆ. ಗುಳ್ಳೆಯ ಬಾಯಿಯ ಎದುರಿನ ಪೊರೆಯಲ್ಲೇ ಹೊಸ ಕಣ ಮೊಳೆಯುತ್ತಿರುವುದು ಚಿತ್ರಗಳಲ್ಲಿ ಕಾಣುತ್ತದೆ. ಆರ್‌ಎನ್‌ಎ ಹೊರಬಂದ ಕೂಡಲೇ ಸಿ ಪ್ರೋಟೀನ್ ಸುತ್ತಿಕೊಳ್ಳುತ್ತದೆ, ಪೊರೆಯಲ್ಲಿ ಸಿಕ್ಕಿಕೊಂಡಿರುವ ಪ್ರಿ-ಎಂ ಮತ್ತು ಇ ಸಮೇತ ರೆಟಿಕ್ಯುಲಮ್‌ನ ಒಳಕ್ಕೆ ಬೀಳುತ್ತದೆ. ಈ ಕಣಕ್ಕೆ ಮುಳ್ಳುಗಳಿವೆ, 60. ನುಣುಪು ಮೈ ಇನ್ನೂ ಬಂದಿಲ್ಲ. ಇ ಪ್ರೋಟೀನಿನ ಆ ಕೊಂಡಿಯ ಮೇಲೆ ಪ್ರಿ-ಎಂ ಮುಚ್ಚಳದ ಹಾಗೆ ಕೂತಿರುತ್ತದೆ.

ಮುಚ್ಚಳ ಇಲ್ಲದಿದ್ದರೆ ಏನಾಗುತ್ತಿತ್ತು? ಹೊರಗೆ ಹೋಗುವ ದಾರಿಯಲ್ಲಿ, ಪ್ರೋಟೀನ್‌ಗಳನ್ನು ಸಿದ್ಧ ಮಾಡಿ ಕಳಿಸುವ ಗಾಲ್ಜಿ ಅನ್ನುವ ಕೋಶದ ಭಾಗ ಇದೆ. ಅದರ ಕೊನೆಯ ಭಾಗವೂ ಸ್ವಲ್ಪ ಹುಳಿ. ಅಲ್ಲೇ ಇ ಪ್ರೋಟೀನ್ ಎದ್ದು ನಿಂತು ಆ ಕೋಶದ ಪೊರೆಗೇ ಬೆಸೆದುಕೊಂಡು ಕಣ ಹಾಳಾಗುತ್ತಿತ್ತು. ಗಾಲ್ಜಿಯಲ್ಲಿ ನಮ್ಮದೇ ಫ್ಯೂರಿನ್ ಅನ್ನುವ ಕಿಣ್ವ ಪ್ರಿ-ಎಂ ಅನ್ನು ಕತ್ತರಿಸುತ್ತದೆ. ಕತ್ತರಿಸಿದರೂ ಮುಚ್ಚಳ ಬೀಳುವುದಿಲ್ಲ. ಹುಳಿ ಇಲ್ಲದ ಹೊರಗಿನ ದ್ರವಕ್ಕೆ ಬಂದ ಮೇಲೆ ಬೀಳುತ್ತದೆ. ಆಗ ಕಣ ಮುಂದಿನ ಕೋಶಕ್ಕೆ ಸಿದ್ಧ.

ಪಶುವೈದ್ಯ ಸಿದ್ದಾಪುರ

ಚೆನ್ನಾಗಿ ನಡೆಯುತ್ತಿದೆ ಚರ್ಚೆ. ನನ್ನ ಕೆಲಸದ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಇದೇ ಆರ್‌ಎನ್‌ಎ, ಇದೇ 10 ಪ್ರೋಟೀನ್ ಉಣುಗಿನ ಮೈಯಲ್ಲೂ ಕೆಲಸ ಮಾಡಬೇಕು, ಮಂಗನ ಮೈಯಲ್ಲೂ ಮಾಡಬೇಕು. ಉಣುಗಿನಲ್ಲಿ ಅದು ಕೋಶಗಳನ್ನು ಕೊಲ್ಲದೆ ತಣ್ಣಗೆ ಇರುತ್ತದೆ. ಮರಿಯಲ್ಲಿ ಸೇರಿದ ವೈರಸ್ ಅದು ಪೊರೆ ಕಳಚಿ ದೊಡ್ಡದಾದರೂ ಉಳಿಯುತ್ತದೆ. ಮಂಗನಲ್ಲಿ ಮಾತ್ರ ರಕ್ತದ ತುಂಬಾ ಏರಿ ಕೊಲ್ಲುತ್ತದೆ. ಮಂಗ ಸತ್ತು ಮೈ ತಣ್ಣಗಾದಾಗ ಉಣುಗುಗಳು ಬಿಟ್ಟು ನೆಲಕ್ಕಿಳಿಯುತ್ತವೆ. ಆ ಜಾಗವೇ ಅಪಾಯದ ಜಾಗ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ. ಸುತ್ತ ಉಣುಗು ಸಾಯುವ ಪುಡಿ ಹೊಡೆಯುತ್ತಾರೆ.

ದನ ಎಮ್ಮೆಗಳ ಮೇಲೆ ದೊಡ್ಡ ಉಣುಗು ಬೆಳೆಯುತ್ತದೆ. ವೈರಸ್ ಹೆಚ್ಚಿಸುವುದರಲ್ಲಿ ದನಗಳ ಪಾತ್ರ ಕಡಿಮೆ, ಉಣುಗಿನ ಸಂಖ್ಯೆ ಹೆಚ್ಚಿಸುವುದರಲ್ಲಿ ಜಾಸ್ತಿ. ಹಾಲಿನಿಂದ ಈ ಕಾಯಿಲೆ ಹರಡಿದ್ದಕ್ಕೆ ಪುರಾವೆ ಇಲ್ಲ. ಯುರೋಪಿನ ಸಂಬಂಧಿ ವೈರಸ್ ಹಸಿ ಮೇಕೆ ಹಾಲಿನಿಂದ ಬರುವುದುಂಟು, ಅದನ್ನು ಓದಿ ಇಲ್ಲಿ ಹೆದರಬೇಡಿ. ಮನುಷ್ಯರಿಂದ ಮನುಷ್ಯರಿಗೂ ಬರುವುದಿಲ್ಲ. ಕಾಯಿಲೆ ಬಂದವರ ಮನೆಯನ್ನು ದೂರ ಇಡುವುದು ದಯವಿಟ್ಟು ನಿಲ್ಲಲಿ.

ತೀರ್ಥಹಳ್ಳಿ ಮೇಷ್ಟ್ರು

ಒಬ್ಬ ಹುಡುಗ ಕೇಳಿದ: ಕೊರೊನಾ ಹಾಗೆ ಇದೂ ರೂಪ ಬದಲಿಸಿಕೊಂಡು ಬರುತ್ತದಾ? ಲಸಿಕೆ ನಿಲ್ಲಿಸಿದ್ದು ಅದಕ್ಕಾ?

ಸಾಗರದವಳು

ಎನ್‌ಎಸ್5 ಪ್ರತಿ ಮಾಡುವಾಗ ತಪ್ಪು ಮಾಡುತ್ತದೆ, ತಿದ್ದುವುದಿಲ್ಲ. ಇಂಥ ಪಾಲಿಮರೇಸ್‌ಗಳು 10,000ದಿಂದ 1,00,000 ಅಕ್ಷರಕ್ಕೆ ಒಂದರಂತೆ ತಪ್ಪುತ್ತವೆ. ಕೊರೊನಾಗೆ ತಪ್ಪು ತಿದ್ದುವ ಬೇರೆ ಕಿಣ್ವ ಇದೆ. ಅದರ ಆರ್‌ಎನ್‌ಎ 30,000 ಅಕ್ಷರದಷ್ಟು ಉದ್ದ ಇರಲು ಸಾಧ್ಯವಾದದ್ದು ಅದರಿಂದಲೇ. ಲೆಕ್ಕಕ್ಕೆ ನೋಡಿದರೆ ನಮ್ಮದು ಬೇಗ ಬದಲಾಗಬೇಕಿತ್ತು. ಆಗುವುದಿಲ್ಲ. ಪಶುವೈದ್ಯರು ಹೇಳಿದರಲ್ಲ, ಉಣುಗಿಗೂ ಹೊಂದಬೇಕು, ಮಂಗಕ್ಕೂ ಹೊಂದಬೇಕು. ಒಂದು ಕಡೆ ಲಾಭ ತರುವ ಬದಲಾವಣೆ ಇನ್ನೊಂದು ಕಡೆ ನಷ್ಟ ತಂದು ಅಳಿಸಿಹೋಗುತ್ತದೆ. ಉಣುಗಿನ ಬದುಕೂ ನಿಧಾನ, ಒಂದು ಊಟಕ್ಕೂ ಇನ್ನೊಂದಕ್ಕೂ ತಿಂಗಳುಗಟ್ಟಲೆ ಅಂತರ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮದಕ್ಕೆ ತೀರಾ ಹತ್ತಿರದ್ದು. ಅಷ್ಟು ದೂರದಲ್ಲಿದ್ದರೂ ಆರ್‌ಎನ್‌ಎಯ ಬಹುಪಾಲು ಅಕ್ಷರಗಳು ಒಂದೇ.

ಲಸಿಕೆಯ ವಿಷಯ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ ಲಸಿಕೆ ಅದು. 1990ರಿಂದ ಕೊಡುತ್ತಿದ್ದರು. ಮೊದಲ ಅಧ್ಯಯನದಲ್ಲಿ ಎರಡು ಡೋಸ್‌ಗೆ 93.5% ರಕ್ಷಣೆ ಅಂತ ಬಂತು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಎರಡು ಡೋಸ್‌ಗೆ 62.4%, ಬೂಸ್ಟರ್ ಸೇರಿದರೆ 82.9%. ಒಂದೇ ಡೋಸ್ ತೆಗೆದುಕೊಂಡು ನಿಲ್ಲಿಸಿದವರಿಗೆ ಹೇಳಿಕೊಳ್ಳುವ ಪ್ರಯೋಜನ ಇಲ್ಲ. ಚುಚ್ಚಿದ ಜಾಗ ನೋಯುತ್ತದೆ ಅಂತ ಎಷ್ಟೋ ಜನ ಎರಡನೆಯದಕ್ಕೆ ಬರಲೇ ಇಲ್ಲ. ಪರಿಣಾಮ ಸಾಲದು ಅಂತ 2022ರ ಹೊತ್ತಿಗೆ ನಿಲ್ಲಿಸಿದರು.

ರಚನೆಯ ದೃಷ್ಟಿಯಿಂದ ನನ್ನ ಅಭಿಪ್ರಾಯ ಹೇಳುತ್ತೇನೆ. ವೈರಸ್ಸನ್ನು ತಡೆಯುವ ಒಳ್ಳೆಯ ಪ್ರತಿಕಾಯಗಳು ಇ ಪ್ರೋಟೀನಿನ ಆಕಾರವನ್ನು ಹಿಡಿಯುತ್ತವೆ. ಕೆಲವು ಪ್ರತಿಕಾಯಗಳಿಗೆ ಪಕ್ಕಪಕ್ಕದ ಎರಡು ಇ ಪ್ರೋಟೀನ್ ಸರಿಯಾಗಿ ಕೂತಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ಹೊಸ ಲಸಿಕೆ ಯಾವ ವಿಧಾನದಲ್ಲೇ ಬರಲಿ, ಆ ಜೋಡಣೆ ಕೆಡದೆ ಉಳಿದಿದೆಯೇ ಅಂತ ಮೊದಲು ನೋಡಬೇಕು. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಾ ಅಂದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಜನ ಬರಲಾರರು, ಅದೂ ಯೋಚನೆಯಲ್ಲಿರಬೇಕು.

ಬಿಎಸ್ಸಿ ಓದುತ್ತಿರುವವಳು

ಔಷಧಿ ಪ್ರಶ್ನೆ ಉಳಿಯಿತು ಮೇಡಂ. ಹೆಪಟೈಟಿಸ್ ಸಿ ಇದೇ ಕುಟುಂಬ ಅಂದಿರಿ. ಅದಕ್ಕೆ ಮಾತ್ರೆ ಇದೆಯಲ್ಲ?

ಸಾಗರದವಳು

ಇದೆ. 2013ರಲ್ಲಿ ಒಪ್ಪಿಗೆ ಪಡೆದ ಸೋಫೋಸ್ಬುವಿರ್ ಆ ವೈರಸ್‌ನ ಪಾಲಿಮರೇಸ್‌ಗೆ ಸುಳ್ಳು ಅಕ್ಷರ ಕೊಟ್ಟು ಪ್ರತಿಯನ್ನು ಅರ್ಧದಲ್ಲಿ ನಿಲ್ಲಿಸುತ್ತದೆ. ಬೇರೆ ಮಾತ್ರೆಯ ಜೊತೆ ಕೆಲವು ವಾರ ಕೊಟ್ಟರೆ 95% ಜನಕ್ಕೂ ಹೆಚ್ಚು ವಾಸಿ. ಆದರೆ ಹೆಪಟೈಟಿಸ್ ಸಿ ವರ್ಷಗಟ್ಟಲೆ ಮೈಯಲ್ಲಿ ಇರುವ ಕಾಯಿಲೆ. ಔಷಧಿಗೆ ಸಮಯ ಸಿಗುತ್ತದೆ, ಜಗತ್ತಿನ ತುಂಬಾ ರೋಗಿಗಳಿದ್ದಾರೆ, ಕಂಪನಿಗಳು ಹಣ ಹಾಕಿದವು. ಕೆಎಫ್‌ಡಿಯಲ್ಲಿ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ ಏರಿ ಆಗಿರುತ್ತದೆ. ವರ್ಷಕ್ಕೆ ಕೆಲವು ನೂರು ಜನ, ಅದೂ ಪಶ್ಚಿಮ ಘಟ್ಟದ ಬಡ ಕೂಲಿಕಾರರು, ಸಣ್ಣ ರೈತರು. 100 ಜನಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಎನ್‌ಎಸ್5, ಎನ್‌ಎಸ್3 ಎರಡೂ ಔಷಧಿಗೆ ಒಳ್ಳೆಯ ಗುರಿಗಳೇ. ಈ ರೋಗಿಗಳಿಗಾಗಿ ಆ ಕೆಲಸ ಮಾಡಲು ಸರ್ಕಾರದ ದುಡ್ಡೇ ಬೇಕು. ಬೇರೆ ಯಾರೂ ಮಾಡುವುದಿಲ್ಲ. ಸದ್ಯ ಇರುವುದು ನೀರಿನಂಶ ಕಾಯುವುದು, ಪ್ಲೇಟ್ಲೆಟ್ ನೋಡುತ್ತಾ ಇರುವುದು, ರಕ್ತಸ್ರಾವ ಸಂಭಾಳಿಸುವುದು. ಬೇಗ ಬಂದವರು ಹೆಚ್ಚಾಗಿ ಉಳಿಯುತ್ತಾರೆ.

ಲ್ಯಾಬ್ ಅಕ್ಕ

ಬೇಗ ಅಂದಾಗ ಟೆಸ್ಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮೇಷ್ಟ್ರು ಮಕ್ಕಳ ಮೂಲಕ ಮನೆಗಳಿಗೆ ಮುಟ್ಟಿಸಲಿ. ಜ್ವರದ ಮೊದಲ ದಿನಗಳಲ್ಲಿ ವೈರಸ್‌ನ ಆರ್‌ಎನ್‌ಎಯೇ ರಕ್ತದಲ್ಲಿರುತ್ತದೆ. ಆಗ ಆರ್‌ಟಿ-ಪಿಸಿಆರ್. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ತಿರುಗಿಸಿ ಆಮೇಲೆ ಹೆಚ್ಚಿಸುತ್ತೇವೆ, ಹುಡುಕುವುದು ಎನ್‌ಎಸ್5ರ ಭಾಗವನ್ನು. ಆರ್‌ಎನ್‌ಎ ಬಹಳ ಬೇಗ ಕೆಡುತ್ತದೆ, ಸ್ಯಾಂಪಲ್ ಐಸಿನಲ್ಲೇ ಬರಬೇಕು. ಐದಾರು ದಿನ ದಾಟಿದ ಮೇಲೆ ಐಜಿಎಂ ಪ್ರತಿಕಾಯ ಏಳುತ್ತದೆ, ಆಗ ಅದನ್ನು ಹುಡುಕುವ ಎಲೈಸಾ ಟೆಸ್ಟ್ ಕೂಡ ಮಾಡುತ್ತೇವೆ.

ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. 100ರಲ್ಲಿ 10ರಿಂದ 20 ಜನಕ್ಕೆ. ಈ ಸಲ ವಿಪರೀತ ತಲೆನೋವು, ಕತ್ತು ಬಿಗಿತ, ಕೈ ನಡುಕ, ಮಂಪರು. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಸಿಗದೆ ಪಿಸಿಆರ್ ನೆಗೆಟಿವ್ ಬರಬಹುದು. ಹಾಗಂತ ಕಾಯಿಲೆ ಮುಗಿದಿದೆ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಮೊದಲ ಸಲದ ಚೀಟಿ ಹಿಡಿದುಕೊಂಡು ಅದೇ ದಿನ ಆಸ್ಪತ್ರೆಗೆ ಬನ್ನಿ.

ಶರಾವತಿ ತೀರ

ದೊಡ್ಡಪ್ಪನಿಗೆ ಕೈ ನಡುಕ ಬಂದಿತ್ತು ಅಕ್ಕಾ, ಎರಡನೇ ಸಲ. ಯಾಕೆ ಅಂತ ನಮಗೆ ಈಗ ಗೊತ್ತಾಯಿತು. ಈ ಎರಡು ಮಾತು ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಸೊಸೈಟಿ ಗೋಡೆಗೂ ಅಂಟಿಸುತ್ತೇನೆ.